ಎರೆಹೊಲದಲ್ಲಿ ಓಟ ಕಲಿಯುವ ಮರಿ

ಬೆಳಗಿನ ಬಿಸಿಲು ಇನ್ನೂ ಚುರುಕಾಗಿಲ್ಲ. ಮುಧೋಳದಾಚೆ, ಕಡಲೆ ಕಿತ್ತು ಬರಿದಾದ ಎರೆಹೊಲದ ಬದುವಿಗೆ ಬಂದು ನಿಂತರೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಗಾಳಿಯಲ್ಲಿ ತೇಲಿ ಬರುತ್ತದೆ, ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಗುಡುಗುಡು ಕೇಳುತ್ತದೆ. ಹೊಲದ ಆ ತುದಿಯಲ್ಲಿ ಹಳೆಯ ಸೈಕಲ್ಲೊಂದನ್ನು ತಲೆಕೆಳಗು ಮಾಡಿ ನಿಲ್ಲಿಸಿದ್ದಾರೆ. ಹಿಂದಿನ ಗಾಲಿಯ ಟಯರು ಕಳಚಿ, ಬರೀ ರಿಮ್ಮಿಗೆ ನೈಲಾನ್ ಹುರಿ ಕಟ್ಟಿದ್ದಾರೆ. ಹುರಿಯ ಈ ತುದಿಗೆ, ನಮ್ಮ ಕಾಲ ಬಳಿ, ಅಂಗೈಯಗಲದ ಆಡಿನ ತೊಗಲು. ಇವತ್ತಿನ ಮೊಲ ಅದೇ.

ಅಜ್ಜನ ಕೈಯಲ್ಲಿ ಎರಡು ಮುಧೋಳ ನಾಯಿ. ಹಿರಿಯದು ತಾಯಿ, ಕಿರಿಯದು ಎಂಟು ತಿಂಗಳ ಮರಿ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ಮೈಗಿಂತ ಮೊದಲೇ ಬೆಳೆದುಬಿಟ್ಟ ಕಾಲುಗಳು. ಬಲಿತ ಗಂಡಾದರೆ ಭುಜದೆತ್ತರ 72 ಸೆಂಟಿಮೀಟರಿನವರೆಗೂ ಹೋಗುತ್ತದೆ. ಕೊರಳಪಟ್ಟಿಯ ಬಳೆಯೊಳಗೆ ಹಗ್ಗ ತೂರಿಸಿ, ಅಜ್ಜ ಅದರ ಎರಡೂ ತುದಿ ಹಿಡಿದಿದ್ದಾನೆ. ಒಂದು ತುದಿ ಬಿಟ್ಟರೆ ಸಾಕು, ಹಗ್ಗ ಜಾರಿ ನಾಯಿ ಬಿಡುಗಡೆ. ಗಂಟು ಬಿಚ್ಚುತ್ತ ಕೂತರೆ ಅಷ್ಟರಲ್ಲಿ ಓಟವೇ ಮುಗಿದಿರುತ್ತದೆ.

ಆ ತುದಿಯಲ್ಲಿ ಮೊಮ್ಮಗ ಪೆಡಲು ತಿರುವಿದ. ತೊಗಲು ಜಿಗಿಯಿತು. ಅಜ್ಜ ಎಣಿಸಿದಂತೆ ಒಂದು ಕ್ಷಣ ತಡೆದು, "ಛೂ!" ಎಂದ.

ಬೊಗಳುವುದಿಲ್ಲ, ಮೂಸುವುದಿಲ್ಲ. ಇವು ಕಣ್ಣಿನಿಂದ ಬೇಟೆಯಾಡುವ ನಾಯಿಗಳು. ಬೆನ್ನು ಕಮಾನಾಗಿ ಮಡಿಚಿ, ಮರುಗಳಿಗೆ ಪೂರ್ತಿ ಚಾಚಿ, ಒಂದೊಂದು ನೆಗೆತಕ್ಕೆ ಎರಡೆರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಕೇಳುವುದು ಮಣ್ಣಿನ ಮೇಲೆ ಉಗುರು ಗೀರುವ ಸದ್ದು, ಆಮೇಲೆ ಬಿಸಿ ಉಸಿರು. ತಾಯಿಯ ಪಕ್ಕದಲ್ಲಿ ಓಡುತ್ತಲೇ ಮರಿ ಕಲಿಯುತ್ತದೆ. ಸೈಕಲ್ಲಿಗೆ ಇನ್ನೂ ಹತ್ತು ಮಾರು ಇರುವಾಗಲೇ ಹುಡುಗ ಹುರಿ ನಿಲ್ಲಿಸಿದ. ಮರಿ ತೊಗಲನ್ನು ಕಚ್ಚಿ ಕೊಡವುವಷ್ಟು ಹೊತ್ತು ಬಿಟ್ಟ. ಸಿಗದ ಬೇಟೆಯ ಹಿಂದೆ ಓಡಿ ಓಡಿ ಬೇಸತ್ತ ಮರಿ ಮುಂದೆ ಓಡುವುದೇ ಇಲ್ಲವಂತೆ.

ಮುಧೋಳದ ಘೋರ್ಪಡೆ ರಾಜಮನೆತನ ಈ ತಳಿಯನ್ನು ಸಾಕಿ ಬೆಳೆಸಿತು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಉಡುಗೊರೆಯಾಗಿ ಹೋದ ಜೋಡಿಯ ಕತೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ. 2005ರಲ್ಲಿ ಈ ತಳಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ತಳಿ ಉಳಿಯುವುದು ಇಂಥ ಹೊಲದಲ್ಲಿ, ಓಟದಲ್ಲಿ. ಪಟ್ಟಣದ ಮನೆಯ ಬಾಗಿಲಿಗೆ ದಿನವಿಡೀ ಕಟ್ಟಿಹಾಕಿದ ಮುಧೋಳ ನಾಯಿಯನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ನಿಜವಾದ ಮೊಲದ ಮೇಲೆ ನಾಯಿ ಬಿಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಲದ ಬೇಟೆಯನ್ನು ತಡೆಯುತ್ತದೆ. ಯುಗಾದಿ ಆಸುಪಾಸಿನಲ್ಲಿ ಕೆಲವೆಡೆ ಬೇಟೆ ಇನ್ನೂ ನಡೆಯುತ್ತದೆ, ಅದು ನಿಲ್ಲಲೇಬೇಕು. ಹಾಗಾಗಿ ಈ ಮರಿಗಳು ಓಡುವುದರ ಜೊತೆಗೆ ಓಟ ಬಿಟ್ಟು ಬರುವುದನ್ನೂ ಕಲಿಯಬೇಕು. ಎರಡನೆಯದೇ ಕಷ್ಟದ ಪಾಠ.

ಆ ಪರೀಕ್ಷೆ ಹೇಳದೆ ಕೇಳದೆ ಬಂತು. ಬದುವಿನ ಹುಲ್ಲಿನಿಂದ ಮೊಲವೊಂದು ಎದ್ದು, ಕತ್ತಿನ ಹಿಂದಿನ ಕಪ್ಪು ಮಚ್ಚೆ ಕಾಣಿಸುವಷ್ಟು ಹತ್ತಿರದಲ್ಲೇ ಹಾಯ್ದು ಕಬ್ಬಿನತ್ತ ಜಿಗಿಯಿತು. ಎರಡೂ ನಾಯಿಗಳು ಹಾರಿದವು. ಅಜ್ಜ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ. ತಾಯಿ ಅರ್ಧಕ್ಕೇ ತಿರುಗಿತು. ಮರಿ ಮಾತ್ರ ನುಗ್ಗಿತು. ಮೊಲ ಥಟ್ಟನೆ ಹೊರಳಿ ಕಬ್ಬಿನ ಸಾಲಿನಲ್ಲಿ ಮರೆಯಾಯಿತು. ಕಣ್ಣಿಗೆ ಕಾಣದ್ದು ಮರಿಗೆ ಇಲ್ಲದ ಹಾಗೇ. ತಲೆಯೆತ್ತಿ ನಿಂತು, ಆ ಕಡೆ ಈ ಕಡೆ ನೋಡಿ, ಎರಡನೆಯ ಸಿಳ್ಳೆಗೆ ಕಿವಿ ಹಿಂದಕ್ಕೆ ಮಾಡಿಕೊಂಡು ಓಡಿ ಬಂತು.

ಹುಡುಗ ಕೈಯೆತ್ತಿದ. "ಏ ತಮ್ಮಾ, ಹೊಡೀಬ್ಯಾಡ. ಬಂದಾಗ ಹೊಡದ್ರ ನಾಳಿ ಬರಂಗಿಲ್ಲ," ಎಂದು ಅಜ್ಜ ಜೇಬಿನಿಂದ ರೊಟ್ಟಿಯ ಚೂರು ತೆಗೆದು ಮರಿಗೆ ತಿನ್ನಿಸಿ, ಒಂದೊಂದೇ ಪಾದ ಎತ್ತಿ ಮುಳ್ಳು ನೋಡಿದ.

"ಇನ್ನೊಮ್ಮಿ ಎಳೀಲೇನಜ್ಜಾ?"

"ಸಾಕಪ. ಇನ್ನಾ ಎಳೀ ಎಲುಬು ಐತಿ. ವರ್ಷ ತುಂಬೂತನಕ ಇಷ್ಟ. ದಮ್ಮ ಇಳೀಲಿ, ಆಮ್ಯಾಲ ನೀರ ಕುಡಸು."