ಮಣಿಕಟ್ಟು ಕೈಕೊಟ್ಟಾಗ

2016ರ ಆಗಸ್ಟ್ 7. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಕ್ರಾಮ್‌ವೆಲ್‌ನಲ್ಲಿ ಟ್ರಾವೆಲರ್ಸ್ ಚಾಂಪಿಯನ್‌ಶಿಪ್ ಗಾಲ್ಫ್ ಟೂರ್ನಿಯ ಕೊನೆಯ ದಿನ. ಜಿಮ್ ಫ್ಯೂರಿಕ್ ಅಂದು ಹದಿನೆಂಟು ಕುಳಿಗಳನ್ನು ಬರೀ 58 ಹೊಡೆತಗಳಲ್ಲಿ ಮುಗಿಸಿದರು. ಆ ಅಂಗಳದ ಪಾರ್, ಅಂದರೆ ನಿಗದಿತ ಹೊಡೆತಗಳ ಲೆಕ್ಕ, 70. ಹತ್ತು ಬರ್ಡಿ (ಕುಳಿಯ ಪಾರ್‌ಗಿಂತ ಒಂದು ಹೊಡೆತ ಕಡಿಮೆ), ಒಂದು ಈಗಲ್ (ಎರಡು ಕಡಿಮೆ). ಪಿಜಿಎ ಟೂರ್‌ನ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾರೂ 58 ಹೊಡೆದಿರಲಿಲ್ಲ. ಫ್ಯೂರಿಕ್‌ಗೆ ಆಗ 46 ವರ್ಷ. ಅದಕ್ಕೆ ಆರು ತಿಂಗಳ ಹಿಂದೆಯಷ್ಟೇ, ಫೆಬ್ರುವರಿಯಲ್ಲಿ, ಅವರ ಎಡ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆ ಆಗಿತ್ತು.

ಅದೇ ಮಣಿಕಟ್ಟಿಗೆ ಅದು ಎರಡನೆಯ ಸಲ. 2003ರಲ್ಲಿ ಯುಎಸ್ ಓಪನ್ ಗೆದ್ದ ಫ್ಯೂರಿಕ್, ಮರುವರ್ಷ ಮಾರ್ಚ್‌ನಲ್ಲಿ ಹರಿದ ಮೃದ್ವಸ್ಥಿಯನ್ನು ಸರಿಪಡಿಸಿಕೊಳ್ಳಲು ಶಸ್ತ್ರಚಿಕಿತ್ಸೆಗೆ ಒಳಗಾದರು. ಮಾಸ್ಟರ್ಸ್ ಟೂರ್ನಿ ತಪ್ಪಿತು. ಜೂನ್‌ನಲ್ಲಿ ಶಿನೆಕಾಕ್ ಹಿಲ್ಸ್‌ನಲ್ಲಿ ಯುಎಸ್ ಓಪನ್ ಪ್ರಶಸ್ತಿ ಉಳಿಸಿಕೊಳ್ಳುವ ಹೋರಾಟಕ್ಕೆ ಬಂದು ನಿಂತರು. ಗೆಲ್ಲಲಿಲ್ಲ. ಆದರೆ 2005ರಲ್ಲಿ ವೆಸ್ಟರ್ನ್ ಓಪನ್ ಗೆದ್ದರು, 2006ರ ಹೊತ್ತಿಗೆ ವಿಶ್ವದ ಎರಡನೇ ಸ್ಥಾನಕ್ಕೇರಿದರು. 2015ರ ಸೆಪ್ಟೆಂಬರ್‌ನಲ್ಲಿ ಅದೇ ಎಡಗೈ ಮತ್ತೆ ಕೈಕೊಟ್ಟು, ಪ್ರೆಸಿಡೆಂಟ್ಸ್ ಕಪ್ ತಂಡದಿಂದ ಹೊರಗುಳಿಯಬೇಕಾಯಿತು. ಮರುವರ್ಷ ಮೇ ತಿಂಗಳಲ್ಲಿ ಅಂಗಳಕ್ಕೆ ಮರಳಿದರು. ಜೂನ್‌ನಲ್ಲಿ ಓಕ್‌ಮಾಂಟ್‌ನ ಯುಎಸ್ ಓಪನ್‌ನಲ್ಲಿ ಎರಡನೇ ಸ್ಥಾನ ಹಂಚಿಕೊಂಡರು. ಆಗಸ್ಟ್‌ನಲ್ಲಿ ಆ 58.

ಯಾರೂ ಯಾರನ್ನೂ ಮುಟ್ಟದ, ಓಟವೂ ಇಲ್ಲದ ಆಟದಲ್ಲಿ ಮಣಿಕಟ್ಟಿಗೆ ಇಷ್ಟೊಂದು ಪೆಟ್ಟು ಹೇಗೆ ಬೀಳುತ್ತದೆ? ಗಾಲ್ಫ್ ಚೆಂಡು 46 ಗ್ರಾಂ ಕೂಡ ತೂಗುವುದಿಲ್ಲ, ಅದರಿಂದ ಅಪಾಯವಿಲ್ಲ. ಅಪಾಯ ಇರುವುದು ನೆಲದಲ್ಲಿ. ವೃತ್ತಿಪರ ಆಟಗಾರ ಡ್ರೈವರ್ ಎಂಬ ಉದ್ದನೆಯ ಕೋಲು ಬೀಸಿದಾಗ ಕೋಲಿನ ತಲೆ ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಐರನ್ ಎಂಬ ಗಿಡ್ಡ ಕೋಲುಗಳ ವೇಗ ಅದಕ್ಕಿಂತ ಕಡಿಮೆ, ಆದರೆ ಅವು ನೆಲವನ್ನು ಸವರಿಕೊಂಡೇ ಹೋಗಬೇಕು. ಆ ದಾರಿಯಲ್ಲಿ ಮರದ ಬೇರೋ ಕಲ್ಲೋ ದಟ್ಟ ಹುಲ್ಲೋ ಸಿಕ್ಕರೆ ಕೋಲು ತಟ್ಟನೆ ನಿಲ್ಲುತ್ತದೆ, ತೋಳುಗಳು ಮಾತ್ರ ಮುಂದಕ್ಕೆ ಸಾಗುತ್ತಲೇ ಇರುತ್ತವೆ. ನಡುವೆ ಸಿಕ್ಕಿಕೊಳ್ಳುವುದು ಮಣಿಕಟ್ಟು. 2007ರ ಯುಎಸ್ ಓಪನ್‌ಗೆ ಮುಂಚೆ ಫಿಲ್ ಮಿಕಲ್ಸನ್ ಓಕ್‌ಮಾಂಟ್‌ನ ರಫ್ ಎಂಬ ದಟ್ಟ ಹುಲ್ಲಿನಲ್ಲಿ ಅಭ್ಯಾಸ ಮಾಡುತ್ತಲೇ ಎಡ ಮಣಿಕಟ್ಟು ನೋಯಿಸಿಕೊಂಡರು. ಸ್ವಲ್ಪ ದಿನಕ್ಕೇ ಮೆಮೋರಿಯಲ್ ಟೂರ್ನಿಯ ಮೊದಲ ಸುತ್ತಿನ ನಡುವೆ ಹಿಂದೆ ಸರಿದರು, ಯುಎಸ್ ಓಪನ್‌ನಲ್ಲಿ ಕಟ್ ದಾಟದೆ ಕೊನೆಯ ಎರಡು ಸುತ್ತುಗಳನ್ನು ಕಳೆದುಕೊಂಡರು. ಅಷ್ಟಾದರೂ ಸೆಪ್ಟೆಂಬರ್‌ನಲ್ಲಿ ಡಾಯ್ಚ ಬ್ಯಾಂಕ್ ಚಾಂಪಿಯನ್‌ಶಿಪ್ ಅವರದಾಯಿತು.

ಬಲಗೈ ಆಟಗಾರರಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಎಡ ಮಣಿಕಟ್ಟು. ಕೋಲನ್ನು ಮೇಲೆತ್ತಿದಾಗ ಅದು ಹೆಬ್ಬೆರಳಿನ ಕಡೆಗೆ ಬಾಗುತ್ತದೆ. ಚೆಂಡಿಗೆ ಹೊಡೆಯುವ ಹೊತ್ತಿಗೆ ಕಿರುಬೆರಳಿನ ಕಡೆಗೆ ವಾಲಿ, ಅಂಗೈ ಮೇಲಾಗುವಂತೆ ತಿರುಚಿಕೊಳ್ಳುತ್ತದೆ. ಎಂಟು ಸಣ್ಣ ಮೂಳೆಗಳ ಆ ಜಾಗದಲ್ಲಿ ಕಿರುಬೆರಳಿನ ಬದಿಗೇ ಗಾಲ್ಫ್‌ನ ಹೆಚ್ಚಿನ ತೊಂದರೆಗಳು. ಅಲ್ಲಿ ಇಸಿಯು ಎಂದು ಕರೆಯುವ ಒಂದು ಸ್ನಾಯುರಜ್ಜು, ಮುಂಗೈ ಮೂಳೆಯ ತೋಡಿನಲ್ಲಿ ತೆಳುವಾದ ಕವಚದೊಳಗೆ ಕೂತಿರುತ್ತದೆ. ಕವಚ ಹರಿದರೆ ಕೈ ತಿರುಚಿದಾಗೆಲ್ಲ ರಜ್ಜು ತೋಡಿನಿಂದ ಹೊರಗೆ ಜಾರುತ್ತದೆ. 2015ರಲ್ಲಿ ಮಾಸ್ಟರ್ಸ್ ಮತ್ತು ಯುಎಸ್ ಓಪನ್ ಎರಡನ್ನೂ ಗೆದ್ದಿದ್ದ ಜೋರ್ಡನ್ ಸ್ಪೀತ್ ಅವರನ್ನು 2023ರಿಂದ ಕಾಡಿದ್ದು ಇದೇ. ಒಂದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಸಂಭಾಳಿಸಿಕೊಂಡು ಆಡಿದ ಅವರು 2024ರ ಆಗಸ್ಟ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮರುವರ್ಷ ಜನವರಿ ಕೊನೆಗೆ ಪೆಬಲ್ ಬೀಚ್‌ನಲ್ಲಿ ಮತ್ತೆ ಕಣಕ್ಕಿಳಿದರು.

ಇನ್ನೊಂದು ಗಾಯ ಮೋಸದ್ದು. ಅಂಗೈಯ ಬುಡದಲ್ಲಿ, ಕಿರುಬೆರಳಿನ ನೇರಕ್ಕೆ, ಹ್ಯಾಮೇಟ್ ಎಂಬ ಮೂಳೆಗೆ ಕೊಕ್ಕೆಯಂಥ ಚಾಚು ಇದೆ. ಕೋಲಿನ ಹಿಡಿಕೆಯ ತುದಿ ಒತ್ತುವುದು ಅಲ್ಲಿಯೇ. ಕೋಲು ನೆಲಕ್ಕೆ ಬಡಿದಾಗ ಆ ಕೊಕ್ಕೆ ಮುರಿಯಬಹುದು, ಮುರಿದರೂ ಮಾಮೂಲಿ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣಿಸುವುದಿಲ್ಲ. ಉಳುಕಿರಬೇಕು ಎಂದುಕೊಂಡು ತಿಂಗಳುಗಟ್ಟಲೆ ಆಡುವವರಿದ್ದಾರೆ. ಹಿಡಿತ ಸಡಿಲವಾಗಿ, ಕಿರುಬೆರಳು ಜೋಮು ಹಿಡಿಯತೊಡಗಿದರೆ ಸಿಟಿ ಸ್ಕ್ಯಾನ್ ಮಾಡಿಸಬೇಕೇ ಎಂದು ಕೈ ತಜ್ಞರನ್ನು ಕೇಳುವುದು ಒಳ್ಳೆಯದು.

ವಾರಾಂತ್ಯಕ್ಕೆ ಆಡುವವರ ಕಥೆ ಬೇರೆ. 1876ರಿಂದ ಗಾಲ್ಫ್ ಕ್ಲಬ್ ಇರುವ ಬೆಂಗಳೂರಿನಂಥ ಊರಿನಲ್ಲಿ ಈ ಆಟಕ್ಕೆ ಅಂಟಿಕೊಂಡ ಹಿರಿಯರು ಕಡಿಮೆಯಿಲ್ಲ. ಅವರ ಮಣಿಕಟ್ಟು ಮುರಿಯುವುದಕ್ಕೆ ಅಂಗಳವೇ ಬೇಕಿಲ್ಲ. ಬಚ್ಚಲಲ್ಲಿ ಕಾಲು ಜಾರಿ ಕೈಯೂರಿದರೂ ಸಾಕು. ಸುಮಾರು ಆರು ವಾರದ ಪ್ಲಾಸ್ಟರ್ ಬಿಚ್ಚಿದಾಗ ಕಾಣುವ ಕೈಯನ್ನು ತನ್ನದೆಂದು ಒಪ್ಪಿಕೊಳ್ಳುವುದೇ ಕಷ್ಟ. ಚರ್ಮ ಒಣಗಿ ಪುಡಿ ಉದುರುತ್ತಿರುತ್ತದೆ, ಮುಂಗೈ ಸಣಕಲಾಗಿರುತ್ತದೆ. ಬೀಗದಲ್ಲಿ ಕೀಲಿ ತಿರುಗಿಸಲು ಇನ್ನೊಂದು ಕೈ ಬೇಕು. ಅಂಗೈಯನ್ನು ಪೂರ್ತಿ ಮೇಲಕ್ಕೆ ತಿರುಗಿಸಲಾಗದೆ, ಬೊಗಸೆಯೊಡ್ಡಿ ತೀರ್ಥ ತೆಗೆದುಕೊಳ್ಳುವಾಗಲೂ ಮೊಣಕೈಯನ್ನು ಪಕ್ಕೆಗೆ ಒತ್ತಿ ಹೆಗಲು ಬಾಗಿಸಬೇಕಾಗುತ್ತದೆ. ಗಾಲ್ಫ್ ಹೊಡೆತಕ್ಕೆ ಬೇಕಾದ ತಿರುಚು ಕೂಡ ಇದೇ. ಫಿಸಿಯೋಥೆರಪಿಸ್ಟ್ ಕೈಗೆ ಸುತ್ತಿಗೆ ಕೊಟ್ಟು, ಮೊಣಕೈ ಅಲುಗಿಸದೆ ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಲು ಹೇಳುವುದು ಅದಕ್ಕಾಗಿ. ಹಿಡಿಯನ್ನು ತಲೆಯ ಹತ್ತಿರ ಹಿಡಿದರೆ ಹಗುರ, ತುದಿಗೆ ಸರಿದಂತೆಲ್ಲ ಭಾರ. ಗಾಲ್ಫ್ ಕೋಲನ್ನೇ ನಡುವೆ ಹಿಡಿದು ಹೀಗೆ ಮಾಡಬಹುದು.

ಮರಳುವ ದಾರಿ ಕುಳಿಯ ಬಳಿಯಿಂದ ಶುರುವಾಗಿ ಹಿಂದೆ ಹಿಂದೆ ಸರಿಯುತ್ತದೆ. ಮೊದಲು ಪಟರ್, ಏಕೆಂದರೆ ಅದರಲ್ಲಿ ಮಣಿಕಟ್ಟು ಬಾಗಬೇಕಾಗಿಯೇ ಇಲ್ಲ. ಆಮೇಲೆ ಗ್ರೀನ್‌ನ ಅಂಚಿನಿಂದ ಸಣ್ಣ ಚಿಪ್‌ಗಳು, ವೆಜ್‌ನಲ್ಲಿ ಅರ್ಧ ಬೀಸು, ಗಿಡ್ಡ ಐರನ್, ಉದ್ದ ಐರನ್, ಕಡೆಗೆ ಡ್ರೈವರ್. ಎಷ್ಟು ವಾರಕ್ಕೆ ಯಾವುದು ಎಂಬುದು ಗಾಯದ ಮೇಲೆ ನಿಂತಿದೆ. ಉದಾಹರಣೆಗೆ, ಇಸಿಯು ಕವಚದ ಕೆಳಗೇ ಇರುವ ತ್ರಿಕೋನದ ಮೃದ್ವಸ್ಥಿಯ ಹೊರ ಅಂಚಿಗೆ ರಕ್ತ ಹರಿಯುತ್ತದೆ, ನಡುಭಾಗಕ್ಕೆ ಹರಿಯುವುದು ತೀರಾ ಕಡಿಮೆ. ಹರಿದದ್ದು ಎಲ್ಲಿ ಎಂಬುದರ ಮೇಲೆ ತಾನಾಗಿ ಮಾಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ಕ್ಯಾಲೆಂಡರ್ ನೋಡಿ ಅಂಗಳಕ್ಕೆ ಇಳಿಯುವವರಿಗಿಂತ, ಗಾಯಗೊಂಡ ಕೈಯ ಹಿಡಿತವನ್ನು ಇನ್ನೊಂದರ ಜತೆ ತೂಗಿ ನೋಡಿ ಇಳಿಯುವವರು ಹೆಚ್ಚು ಕಾಲ ಆಡುತ್ತಾರೆ.

ಅವಸರದ ಬೆಲೆ ತೆತ್ತ ಗಾಲ್ಫ್ ಆಟಗಾರ್ತಿ ಮಿಷೆಲ್ ವೀ ಕಥೆ ಓದಿದರೆ ಸಂಕಟವಾಗುತ್ತದೆ. 2007ರ ಆರಂಭದಲ್ಲಿ, ಹದಿನೇಳರ ಹುಡುಗಿ, ಓಡುವಾಗ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡರು. ಮೇ ಕೊನೆಯ ದಿನ ಜಿನ್ ಟ್ರಿಬ್ಯೂಟ್ ಟೂರ್ನಿಯಲ್ಲಿ ಮತ್ತೆ ಕಣಕ್ಕಿಳಿದು, ಹದಿನಾರು ಕುಳಿಗಳಲ್ಲಿ ಪಾರ್‌ಗಿಂತ 14 ಹೆಚ್ಚು ಹೊಡೆದು ಹಿಂದೆ ಸರಿದರು. ಅದೇ ಬೇಸಿಗೆ ಯುಎಸ್ ವಿಮೆನ್ಸ್ ಓಪನ್‌ನಿಂದಲೂ ನಡುವಿನಲ್ಲೇ ಹೊರನಡೆದರು. ಸುತ್ತಲಿನ ನಿರೀಕ್ಷೆಯ ಭಾರಕ್ಕೆ ಆ ಮೂಳೆಗೆ ಸಿಗಬೇಕಾದ ಸಮಯ ಸಿಗಲಿಲ್ಲ ಎಂದೇ ಕಾಣುತ್ತದೆ. 2014ರಲ್ಲಿ ಪೈನ್‌ಹರ್ಸ್ಟ್‌ನಲ್ಲಿ ಅದೇ ಯುಎಸ್ ವಿಮೆನ್ಸ್ ಓಪನ್ ಗೆದ್ದರು, ಅದು ಅವರ ದೊಡ್ಡತನ. 2018ರಲ್ಲಿ ಬಲಗೈಗೆ ಶಸ್ತ್ರಚಿಕಿತ್ಸೆ ಆಯಿತು. ಮರುವರ್ಷ ಹೊಡೆತ ಹೊಡೆತದ ನಡುವೆ ಮಣಿಕಟ್ಟಿಗೆ ಐಸ್ ಇಟ್ಟುಕೊಂಡು ಆಡಿ, ಒಂದು ಸುತ್ತಿನಲ್ಲಿ 84 ಹೊಡೆದು ಕಣ್ಣೀರಾದರು.

ಮತ್ತೆ ಶುರುಮಾಡುವವರಿಗೆ ಸಣ್ಣಪುಟ್ಟ ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ. ಕೊಂಚ ದಪ್ಪನೆಯ, ಮೆತ್ತನೆಯ ಹಿಡಿಕೆಯಿದ್ದರೆ ಕೋಲನ್ನು ಬಿಗಿಯಾಗಿ ಹಿಸುಕಬೇಕಿಲ್ಲ. ಗ್ರಾಫೈಟ್ ಕೋಲು ಉಕ್ಕಿನದಕ್ಕಿಂತ ಹಗುರ, ಕೈಗೆ ಬರುವ ಅದುರು ಕಡಿಮೆ. ಆದರೆ ಬಹಳ ಜನ ಗಮನಿಸದಿರುವುದು ಡ್ರೈವಿಂಗ್ ರೇಂಜ್‌ನ ಮ್ಯಾಟ್. ಅದರ ಕೆಳಗಿರುವುದು ಸಾಮಾನ್ಯವಾಗಿ ಸಿಮೆಂಟ್. ಚೆಂಡಿನ ಹಿಂದೆ ನೆಲಕ್ಕೆ ತಾಗಿದ ಹೊಡೆತ ಹುಲ್ಲಿನ ಮೇಲೆ ಮಣ್ಣು ಕಿತ್ತು ತಪ್ಪನ್ನು ತೋರಿಸಿಕೊಡುತ್ತದೆ. ಮ್ಯಾಟ್ ಮೇಲೆ ಕೋಲು ಜಾರಿ ಚೆಂಡು ಚೆನ್ನಾಗಿಯೇ ಹಾರುತ್ತದೆ, ಏಟು ಮಾತ್ರ ಸದ್ದಿಲ್ಲದೆ ಮಣಿಕಟ್ಟಿಗೆ ಸೇರುತ್ತದೆ. ಹಾಗಾಗಿ ಮೊದಮೊದಲು ಐರನ್‌ನಲ್ಲಿ ಹೊಡೆಯುವಾಗಲೂ ಚೆಂಡನ್ನು ಟೀ ಮೇಲೆ ಇಡುವುದು, ಆದಷ್ಟೂ ಹುಲ್ಲಿನ ಮೇಲೆ ಆಡುವುದು, ದಿನ ಬಿಟ್ಟು ದಿನ ಅಭ್ಯಾಸ ಮಾಡುವುದು ಕ್ಷೇಮ. ಆಡುವಾಗ ನೋವಿಲ್ಲದಿದ್ದರೆ ಸಾಲದು, ಮರುದಿನ ಬೆಳಿಗ್ಗೆ ಕೈ ಹೇಗಿದೆ ಎಂದು ನೋಡಬೇಕು. ಊತವೋ ನೋವೋ ಹೆಚ್ಚಿದ್ದರೆ ಹಿಂದಿನ ಕೋಲಿಗೆ ವಾಪಸಾಗಿ, ಇನ್ನೊಂದು ವಾರ ಅದರಲ್ಲೇ ಆಡಬೇಕು.