ನಾಯಿಗಳ ಕ್ಯಾನ್ಸರ್ ಮತ್ತು ಔಷಧೀಯ ಅಣಬೆ: ರೈತರು ಅರಿತಿರಬೇಕಾದ ಅಂಶಗಳು

ತೋಟ, ಕೊಟ್ಟಿಗೆ ಹಾಗೂ ಕುರಿ ಹಿಂಡನ್ನು ಕಾಯುವ ನಾಯಿ ರೈತ ಕುಟುಂಬದ ಸದಸ್ಯನಂತೆಯೇ ಬೆಳೆಯುತ್ತದೆ. ಅಂತಹ ನಾಯಿಗೆ ಕ್ಯಾನ್ಸರ್ ಎಂದು ತಿಳಿದಾಗ ಮನೆಮಂದಿ ಕೇಳಿದ ಮದ್ದನ್ನೆಲ್ಲ ಮಾಡಿ ನೋಡುವುದು ಸಹಜ. ಇತ್ತೀಚಿನ ವರ್ಷಗಳಲ್ಲಿ ಔಷಧೀಯ ಅಣಬೆಯ ಪುಡಿ, ಕ್ಯಾಪ್ಸೂಲ್ ಮತ್ತು ಕಷಾಯಗಳು ಈ ಪಟ್ಟಿಗೆ ಸೇರಿವೆ. ಅಣಬೆ ಬೇಸಾಯದ ತರಬೇತಿಗೆ ಬರುವವರಲ್ಲಿ ಕೆಲವರು ಇದನ್ನು ನಾಯಿಗೆ ಕೊಡಬಹುದೇ ಎಂದೂ, ಕೆಲವು ಬೆಳೆಗಾರರು ಔಷಧಿಯೆಂದು ಮಾರಬಹುದೇ ಎಂದೂ ವಿಚಾರಿಸುತ್ತಾರೆ. ಈ ಲೇಖನವು ಅಣಬೆಯ ಕುರಿತು ತಿಳಿದಿರುವುದನ್ನು ವಿವರಿಸುತ್ತದೆ. ಚಿಕಿತ್ಸೆಯ ನಿರ್ಧಾರ ಪಶುವೈದ್ಯರಿಗೆ ಸೇರಿದ್ದು.

ಅಣಬೆಯಲ್ಲಿ ಇರುವುದೇನು?

ಅಣಬೆಯ ಜೀವಕೋಶದ ಗೋಡೆಯಲ್ಲಿ ಬೀಟಾ-ಗ್ಲುಕಾನ್ ಎಂಬ ಸಂಕೀರ್ಣ ಶರ್ಕರಗಳಿವೆ. ಇವು ದೇಹದ ರೋಗನಿರೋಧಕ ಕಣಗಳನ್ನು ಪ್ರಚೋದಿಸಬಲ್ಲವು. ನಾಯಿಗಳ ಕ್ಯಾನ್ಸರ್ ಕುರಿತ ಚರ್ಚೆಯಲ್ಲಿ ಹೆಚ್ಚಾಗಿ ಕೇಳಿಬರುವುದು ಒಣ ಮರದ ಮೇಲೆ ಬಣ್ಣದ ಪಟ್ಟೆಗಳ ಬೀಸಣಿಗೆಯಂತೆ ಬೆಳೆಯುವ ಟರ್ಕಿ ಟೇಲ್ ಅಣಬೆ. ಇದರ ವೈಜ್ಞಾನಿಕ ಹೆಸರು ಟ್ರಾಮೆಟಿಸ್ ವರ್ಸಿಕಲರ್. ಇದರಿಂದ ಬೇರ್ಪಡಿಸಿದ ಪಿ.ಎಸ್.ಕೆ. ಎಂಬ ಸಾರವನ್ನು ಜಪಾನಿನಲ್ಲಿ 1970ರ ದಶಕದಿಂದ ಮನುಷ್ಯರ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪೂರಕವಾಗಿ ಬಳಸಲಾಗಿದೆ. ಅಲ್ಲಿಯೂ ಅದನ್ನು ಮುಖ್ಯ ಚಿಕಿತ್ಸೆಯ ಜೊತೆಗೆ ನೀಡಲಾಯಿತೇ ಹೊರತು ಅದರ ಬದಲಿಗೆ ಅಲ್ಲ ಎಂಬುದನ್ನು ಗಮನಿಸಬೇಕು.

ಎರಡು ಅಧ್ಯಯನಗಳು, ಎರಡು ಉತ್ತರಗಳು

ಹೆಮಾಂಜಿಯೋಸಾರ್ಕೋಮ ಎಂಬುದು ನಾಯಿಗಳ ಗುಲ್ಮದಲ್ಲಿ ರಕ್ತನಾಳಗಳಿಂದ ಹುಟ್ಟುವ ಉಗ್ರ ಕ್ಯಾನ್ಸರ್. ಗಡ್ಡೆ ಒಡೆದು ಹೊಟ್ಟೆಯೊಳಗೆ ರಕ್ತ ಸುರಿದು ನಾಯಿ ಏಕಾಏಕಿ ಕುಸಿದು ಬೀಳುವವರೆಗೂ ರೋಗ ಗೊತ್ತಾಗದಿರಬಹುದು. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪಶುವೈದ್ಯರು ಈ ರೋಗವಿದ್ದ 15 ನಾಯಿಗಳಿಗೆ ಟರ್ಕಿ ಟೇಲ್‌ನ ಪಿ.ಎಸ್.ಪಿ. ಎಂಬ ಸಾರವನ್ನು ಮೂರು ಪ್ರಮಾಣಗಳಲ್ಲಿ ನೀಡಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 100 ಮಿ.ಗ್ರಾಂ. ಪಡೆದ ಗುಂಪಿನ ಬದುಕಿನ ಅವಧಿಯ ಮಧ್ಯಾಂಕ 199 ದಿನಗಳಾಗಿತ್ತು. ಶಸ್ತ್ರಚಿಕಿತ್ಸೆಯ ನಂತರ ಬೇರೆ ಚಿಕಿತ್ಸೆ ಪಡೆಯದ ನಾಯಿಗಳಲ್ಲಿ ಅದಕ್ಕೂ ಮೊದಲು ವರದಿಯಾಗಿದ್ದ ಅತಿ ಹೆಚ್ಚಿನ ಮಧ್ಯಾಂಕ 86 ದಿನಗಳು. ಇಂದಿಗೂ ಮಾರಾಟಗಾರರು ಮುಂದಿಡುವುದು ಈ ಅಧ್ಯಯನವನ್ನೇ.

ಆದರೆ ನಾಯಿಗಳ ಸಂಖ್ಯೆ ಬಹಳ ಕಡಿಮೆಯಿತ್ತು. ಅಣಬೆ ಸಾರ ಪಡೆಯದ ಹೋಲಿಕೆ ಗುಂಪೂ ಇರಲಿಲ್ಲ. ಹೊಸ ಗೊಬ್ಬರವನ್ನು ಒಂದೇ ತಾಕಿಗೆ ಹಾಕಿ, ಹಾಕದ ತಾಕನ್ನು ಪಕ್ಕದಲ್ಲಿ ಬಿಡದೆ ಇಳುವರಿ ಹೆಚ್ಚಿತೆಂದು ಹೇಳಿದಂತೆ ಇದು. ಅದೇ ವಿಶ್ವವಿದ್ಯಾಲಯ 2022ರಲ್ಲಿ ಪ್ರಕಟಿಸಿದ 101 ನಾಯಿಗಳ ಅಧ್ಯಯನದಲ್ಲಿ ಅಣಬೆ ಸಾರವನ್ನು ಒಂಟಿಯಾಗಿಯೂ, ಡಾಕ್ಸೊರುಬಿಸಿನ್ ಎಂಬ ಕೀಮೋಥೆರಪಿ ಔಷಧಿಯ ಜೊತೆಗೂ ನೀಡಿ ನೋಡಲಾಯಿತು. ಡಾಕ್ಸೊರುಬಿಸಿನ್ ಒಂದನ್ನೇ ಪಡೆದ ನಾಯಿಗಳಿಗಿಂತ ಅಣಬೆ ಸಾರ ಪಡೆದ ನಾಯಿಗಳು ಹೆಚ್ಚು ಕಾಲ ಬದುಕಲಿಲ್ಲ. ಕೀಮೋಥೆರಪಿಯನ್ನೇ ಮುಖ್ಯ ಚಿಕಿತ್ಸೆಯಾಗಿ ಮುಂದುವರಿಸಬೇಕೆಂಬುದು ಸಂಶೋಧಕರ ತೀರ್ಮಾನ. ಹೋಲಿಕೆ ಗುಂಪಿದ್ದ ದೊಡ್ಡ ಅಧ್ಯಯನದ ಉತ್ತರಕ್ಕೆ ಹೆಚ್ಚು ತೂಕವಿದೆ.

ನಿಜವಾದ ಹಾನಿ ವಿಳಂಬದಿಂದ

ಅಣಬೆ ಪುಡಿ ಕೊಡುತ್ತಾ ಕಳೆದುಹೋಗುವ ವಾರಗಳೇ ನಾಯಿಯ ಪ್ರಾಣಕ್ಕೆ ಕುತ್ತಾಗಬಹುದು. ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಗಡ್ಡೆಗಳನ್ನು ಉದಾಹರಣೆಯಾಗಿ ನೋಡೋಣ.

ಮೊದಲನೆಯದು, ಕೂಡುವಿಕೆಯಿಂದ ಹರಡುವ ಜನನಾಂಗದ ಗಡ್ಡೆ. ಹೂಕೋಸಿನಂತೆ ಬೆಳೆದು ರಕ್ತ ತೊಟ್ಟಿಕ್ಕುವುದು ಇದರ ಲಕ್ಷಣ. ಪಶುವೈದ್ಯರು ವಾರಕ್ಕೊಮ್ಮೆ ರಕ್ತನಾಳದ ಮೂಲಕ ನೀಡುವ ವಿನ್‌ಕ್ರಿಸ್ಟಿನ್ ಔಷಧಿಯಿಂದ, ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ, ಬಹುಪಾಲು ನಾಯಿಗಳು ಪೂರ್ಣ ಗುಣಹೊಂದುತ್ತವೆ. ಈ ವಿನ್‌ಕ್ರಿಸ್ಟಿನ್ ಮೂಲತಃ ನಮ್ಮ ಅಂಗಳದ ನಿತ್ಯಪುಷ್ಪ ಗಿಡದಿಂದ ಬಂದದ್ದು. ಹಾಗೆಂದು ಆ ಗಿಡವನ್ನು ಕುದಿಸಿ ಕುಡಿಸಿದರೆ ಅದು ವಿಷವಾಗುತ್ತದೆ. ಸಕ್ರಿಯ ವಸ್ತುವನ್ನು ಬೇರ್ಪಡಿಸಿ, ಶುದ್ಧಗೊಳಿಸಿ, ಪ್ರಮಾಣ ನಿಗದಿಪಡಿಸಿ, ಪರೀಕ್ಷೆಗಳಲ್ಲಿ ಗೆದ್ದ ನಂತರವೇ ಅದು ಔಷಧಿಯಾಯಿತು. ನಾಯಿಗಳ ಕ್ಯಾನ್ಸರ್ ವಿಷಯದಲ್ಲಿ ಅಣಬೆ ಇನ್ನೂ ಆ ಹಂತವನ್ನು ದಾಟಿಲ್ಲ.

ಎರಡನೆಯದು, ಹೆಣ್ಣು ನಾಯಿಗಳ ಮೊಲೆಯ ಗಡ್ಡೆ. ಇವುಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ. ಚಿಕ್ಕದಿರುವಾಗಲೇ ಶಸ್ತ್ರಚಿಕಿತ್ಸೆಯಿಂದ ತೆಗೆಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಶ್ವಾಸಕೋಶಕ್ಕೆ ಹರಡಿದ ಮೇಲೆ ಉಳಿಸುವುದು ಕಷ್ಟ. ಚಿಕ್ಕ ವಯಸ್ಸಿನಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದರಿಂದ ಈ ರೋಗದ ಸಂಭವವೂ ಬಹುವಾಗಿ ತಗ್ಗುತ್ತದೆ.

ಅಣಬೆ ನೀಡುವ ಮುನ್ನ ಗಮನಿಸಬೇಕಾದ ಅಂಶಗಳು

ಮುಖ್ಯ ಚಿಕಿತ್ಸೆ ನಡೆಯುತ್ತಿರುವಾಗ ಪೂರಕವಾಗಿ ಕೊಡಬೇಕೆಂಬ ಇಚ್ಛೆ ಇದ್ದಲ್ಲಿ ಕೆಳಗಿನ ಅಂಶಗಳನ್ನು ಪಾಲಿಸಬೇಕು.

• ಪಶುವೈದ್ಯರಿಗೆ ತಿಳಿಸದೆ ನೀಡಬಾರದು. ರೀಶಿ ಮುಂತಾದ ಅಣಬೆಗಳು ರಕ್ತ ಹೆಪ್ಪುಗಟ್ಟುವಿಕೆಯನ್ನು ತಗ್ಗಿಸುವ ಸಾಧ್ಯತೆ ಇರುವುದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ಹಾಗೂ ರಕ್ತಸ್ರಾವವಿರುವಾಗ ವಿಶೇಷ ಎಚ್ಚರ ಅಗತ್ಯ.

• ತೆಂಗು, ಅಡಿಕೆ ಮರದ ಬುಡದಲ್ಲಿ ಮೂಡುವ ಗಟ್ಟಿ ಅಣಬೆಯನ್ನು ರೀಶಿ ಎಂದು ಭಾವಿಸಿ ಕುದಿಸಿ ಕೊಡಬಾರದು. ಅದು ಅಣಬೆ ರೋಗವನ್ನು ತರುವ ಗ್ಯಾನೋಡರ್ಮಾ ಶಿಲೀಂಧ್ರ. ರೀಶಿಯೂ ಇದೇ ಕುಲಕ್ಕೆ ಸೇರಿದ್ದರೂ ಕಣ್ಣಳತೆಯಲ್ಲಿ ಪ್ರಭೇದವನ್ನು ಗುರುತಿಸಲಾಗದು. ಆ ಮರಕ್ಕೆ ಬೇರಿನ ಮೂಲಕ ಶಿಲೀಂಧ್ರನಾಶಕ ಉಣಿಸಿರುವ ಸಾಧ್ಯತೆಯೂ ಇದೆ.

• ಕಾಡು ಅಣಬೆಯನ್ನು ನೀಡಲೇಬಾರದು. ಕೆಲವು ವಿಷ ಅಣಬೆಗಳ ಪರಿಣಾಮ ಹಲವು ಗಂಟೆಗಳ ನಂತರವೇ ಕಾಣಿಸಿಕೊಂಡು ಯಕೃತ್ತನ್ನು ಹಾಳುಮಾಡುತ್ತದೆ.

• ಮನೆಯ ಅಣಬೆ ಸಾರು, ಪಲ್ಯವನ್ನು ಹಾಕಬಾರದು. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಗಳ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ.

• ಕೊಳ್ಳುವ ಉತ್ಪನ್ನದ ಮೇಲೆ ಅಣಬೆಯ ವೈಜ್ಞಾನಿಕ ಹೆಸರು, ಬೀಟಾ-ಗ್ಲುಕಾನ್ ಪ್ರಮಾಣ ಮತ್ತು ಭಾರ ಲೋಹಗಳ ಪರೀಕ್ಷೆಯ ವಿವರ ಇರಬೇಕು. ಅಣಬೆಗಳು ಸೀಸ, ಕ್ಯಾಡ್ಮಿಯಂಗಳನ್ನು ತಳಮಾಧ್ಯಮದಿಂದ ಹೀರಿಕೊಳ್ಳುತ್ತವೆ. ಧಾನ್ಯದ ಮೇಲೆ ಬೆಳೆಸಿದ ಶಿಲೀಂಧ್ರಜಾಲವನ್ನು ಧಾನ್ಯಸಹಿತ ಪುಡಿಮಾಡಿದ ಉತ್ಪನ್ನದಲ್ಲಿ ಪಿಷ್ಟದ ಪಾಲು ಹೆಚ್ಚಿರುತ್ತದೆ.

• ಅಧ್ಯಯನದಲ್ಲಿ ಬಳಸಿದ್ದು ಪ್ರಮಾಣೀಕರಿಸಿದ ಸಾರ. ಅದರ ಪ್ರಮಾಣವನ್ನು ಮನೆಯಲ್ಲಿ ಒಣಗಿಸಿದ ಪುಡಿಗೆ ಅನ್ವಯಿಸಬಾರದು.

• ವಾಂತಿ, ಭೇದಿ ಕಂಡುಬಂದರೆ ಅಥವಾ ನಾಯಿ ಊಟ ಬಿಟ್ಟರೆ ಅಣಬೆ ನೀಡುವುದನ್ನು ಕೂಡಲೇ ನಿಲ್ಲಿಸಬೇಕು.

ಅಣಬೆ ಬೆಳೆಗಾರರಿಗೆ ಸೂಚನೆ

ಚಿಪ್ಪು ಅಣಬೆ, ಹಾಲು ಅಣಬೆಗಳನ್ನು ಆಹಾರವೆಂದೇ ಮಾರಾಟ ಮಾಡಿರಿ. ಯಾವುದೇ ಅಣಬೆಯು ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಚೀಟಿ, ಫಲಕ ಅಥವಾ ಮೊಬೈಲ್ ಸಂದೇಶಗಳಲ್ಲಿ ಪ್ರಚಾರ ಮಾಡಬಾರದು. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯು ಇಂತಹ ಜಾಹೀರಾತನ್ನು ನಿಷೇಧಿಸುತ್ತದೆ. ಪ್ರಾಣಿಗಳಿಗೆ ನೀಡುವ ಔಷಧಿಗಳೂ ಅದರ ವ್ಯಾಪ್ತಿಗೆ ಬರುತ್ತವೆ.

ವಿಸ್ತರಣಾ ಕಾರ್ಯಕರ್ತರಿಗೆ

ಅಣಬೆ ಪುಡಿಯ ಬಗ್ಗೆ ರೈತರು ವಿಚಾರಿಸಿದಾಗ, ಗಡ್ಡೆಯನ್ನು ಪಶುವೈದ್ಯರಿಗೆ ತೋರಿಸಿದ್ದೀರಾ ಎಂದು ಮೊದಲು ಕೇಳಿರಿ. ದಿನೇ ದಿನೇ ಬೆಳೆಯುವ ಗಡ್ಡೆ, ಮಾಯದ ಹುಣ್ಣು, ಜನನಾಂಗದಿಂದ ರಕ್ತ ಅಥವಾ ಕಾರಣವಿಲ್ಲದೆ ಸೊರಗುವಿಕೆ ಕಂಡುಬಂದಲ್ಲಿ ಹತ್ತಿರದ ಪಶು ಆಸ್ಪತ್ರೆಗೆ ಕಳುಹಿಸಿರಿ. ಒಸಡು ಬಿಳಿಚಿಕೊಂಡು ಹೊಟ್ಟೆ ಉಬ್ಬಿ ನಾಯಿ ಕುಸಿದರೆ ಅದು ತುರ್ತು ಸ್ಥಿತಿ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ ಹಾಗೂ ಬೀದರ್‌ನ ಪಶುವೈದ್ಯಕೀಯ ಮಹಾವಿದ್ಯಾಲಯಗಳ ಆಸ್ಪತ್ರೆಗಳನ್ನು ಸಂಪರ್ಕಿಸಬಹುದು.

ರೋಗ ಕೈಮೀರಿದೆ ಎಂದು ವೈದ್ಯರು ತಿಳಿಸಿದಾಗಲೂ ಮಾಡಬಹುದಾದ ಕೆಲಸವಿದೆ. ನೋವು ನಿವಾರಕ ಔಷಧಿ, ಮೆತ್ತನೆಯ ಆಹಾರ, ಶುದ್ಧ ನೀರು, ಹುಣ್ಣಿಗೆ ನೊಣ ಕೂರದಂತೆ ಆರೈಕೆ ಮತ್ತು ನೆರಳಿನ ಒಣ ಜಾಗವನ್ನು ಒದಗಿಸಬೇಕು. ವರ್ಷಗಟ್ಟಲೆ ಮನೆ ಕಾಯ್ದ ಜೀವಕ್ಕೆ ಕೊನೆಯ ದಿನಗಳಲ್ಲಿ ಇವು ಯಾವ ದುಬಾರಿ ಪುಡಿಗಿಂತಲೂ ಹೆಚ್ಚಿನ ನೆಮ್ಮದಿ ನೀಡುತ್ತವೆ.