ಭಂಡಾರ ಮತ್ತು ಚಲಾವಣೆ: ಸಂಪ್ರದಾಯ ಪಂಥದ ಹಣಚಿಂತನೆಗೆ ಜೇಜುರಿಯಿಂದ ಒಂದು ಪ್ರವೇಶ

ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಜೇಜುರಿ ಖಂಡೋಬನ ಕ್ಷೇತ್ರ. ಮರಾಠಿಗರ ಖಂಡೋಬನಿಗೂ ಕನ್ನಡಿಗರ ಮೈಲಾರಲಿಂಗನಿಗೂ ಇರುವ ಅಭೇದವನ್ನು ರಾ. ಚಿಂ. ಢೇರೆ ಮತ್ತು ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಅವರ ಅಧ್ಯಯನಗಳು ವಿಸ್ತಾರವಾಗಿ ತೋರಿಸಿಕೊಟ್ಟಿವೆ. ಜೇಜುರಿಯ ಮೆಟ್ಟಿಲುಗಳ ಮೇಲೆ ಮೊಳಗುವ 'ಯೇಳ್ಕೋಟ್' ಎಂಬ ಉದ್ಘೋಷವು ದೇವರಗುಡ್ಡದಲ್ಲಿಯೂ ಹೂವಿನಹಡಗಲಿಯ ಮೈಲಾರದಲ್ಲಿಯೂ ಕೇಳಿಬರುವ 'ಏಳು ಕೋಟಿ'ಯೇ ಆಗಿದೆ. ಸೋಮವತಿ ಅಮಾವಾಸ್ಯೆಯಂದು ದೇವರ ಪಲ್ಲಕ್ಕಿ ಕರ್ಹಾ ನದಿಗೆ ಇಳಿಯುವಾಗ ಭಕ್ತರು ಅರಿಸಿನದ ಪುಡಿಯನ್ನೂ ಕೊಬ್ಬರಿಯ ಚೂರುಗಳನ್ನೂ ಹಿಡಿಹಿಡಿಯಾಗಿ ಎರಚುತ್ತಾರೆ. ಕಲ್ಲು, ಗೋಡೆ, ಮೈ, ಬಟ್ಟೆ ಎಲ್ಲವೂ ಹಳದಿಯಾಗುತ್ತವೆ. 'ಹೊನ್ನಿನ ಜೇಜುರಿ' ಎಂಬ ಹೆಸರು ಬಂದುದು ಹೀಗೆ.

ಈ ಅರಿಸಿನಕ್ಕೆ ಎರಡೂ ಭಾಷೆಗಳಲ್ಲಿ 'ಭಂಡಾರ'ವೆಂದು ಹೆಸರು. ಸಂಸ್ಕೃತದ 'ಭಾಂಡಾಗಾರ'ದಿಂದ ಬಂದ ಈ ಶಬ್ದಕ್ಕೆ ಮೂಲದಲ್ಲಿ ಕೂಡಿಡುವ ಮನೆ, ಬೊಕ್ಕಸ ಎಂಬ ಅರ್ಥವಿದೆ. ಬಿಜ್ಜಳನ ಆಸ್ಥಾನದಲ್ಲಿ ಬಸವಣ್ಣನವರು ಭಂಡಾರಿಯಾಗಿದ್ದರೆಂದು ಹೇಳುವಾಗ ಸೂಚಿತವಾಗುವುದು ಇದೇ ಅರ್ಥ. ಕೂಡಿಡುವ ಸ್ಥಳದ ಹೆಸರೇ ಚೆಲ್ಲುವ ವಸ್ತುವಿಗೂ ಸಂದಿರುವುದು ಭಾಷಾಭ್ಯಾಸಿಗಳಿಗೆ ಒಂದು ಕುತೂಹಲವಷ್ಟೇ ಆಗಿರಬಹುದು. ಆದರೆ ಹಣವು ಕೂಡಿಡುವ ವಸ್ತುವೋ ಕೈಯಿಂದ ಕೈಗೆ ಸಾಗುವ ವಸ್ತುವೋ ಎಂಬುದು ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳ ಇಂಗ್ಲಿಷ್ ಅರ್ಥಶಾಸ್ತ್ರಜ್ಞರನ್ನು ಬಹುಕಾಲ ಕಾಡಿದ ಪ್ರಶ್ನೆಯಾಗಿತ್ತು. ಆ ವಾದದ ತಿರುವುಗಳಲ್ಲಿ ಹಿಂದೂಸ್ಥಾನದ ಹೆಸರು ಮತ್ತೆ ಮತ್ತೆ ಬರುತ್ತದೆ.

ಸಂಪ್ರದಾಯ ಪಂಥದ ಹಣಚಿಂತನೆಯ ಬೆನ್ನೆಲುಬು ಪರಿಮಾಣ ಸಿದ್ಧಾಂತ. ನಾಡಿನಲ್ಲಿರುವ ಹಣದ ಮೊತ್ತ ಹೆಚ್ಚಿದರೆ ಬೆಲೆಗಳು ಏರುತ್ತವೆ, ಕುಗ್ಗಿದರೆ ಇಳಿಯುತ್ತವೆ ಎಂಬುದು ಅದರ ಸಾರ. ಡೇವಿಡ್ ಹ್ಯೂಮ್ 1752ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಇದಕ್ಕೆ ಅಚ್ಚುಕಟ್ಟಾದ ರೂಪ ಕೊಟ್ಟನು. ಬ್ರಿಟನ್ನಿನ ಹಣದಲ್ಲಿ ಐದರಲ್ಲಿ ನಾಲ್ಕು ಪಾಲು ಒಂದೇ ರಾತ್ರಿ ಮಾಯವಾದರೆ ಏನಾದೀತೆಂದು ಅವನು ಕೇಳಿದನು. ಅಲ್ಲಿಯ ಬೆಲೆಗಳು ಅದೇ ಪ್ರಮಾಣದಲ್ಲಿ ಕುಸಿಯುವುವು. ಅಗ್ಗವಾದ ಸರಕನ್ನು ಕೊಳ್ಳಲು ಹೊರನಾಡಿನ ಬಂಗಾರ ಹರಿದುಬಂದು ಕಳೆದುಹೋದುದು ತಾನಾಗಿಯೇ ತುಂಬಿಕೊಳ್ಳುವುದು ಎಂಬುದು ಅವನ ಉತ್ತರ. ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುವಂತೆ ಹಣವೂ ನಾಡುನಾಡುಗಳ ನಡುವೆ ಮಟ್ಟ ಕಂಡುಕೊಳ್ಳುತ್ತದೆ.

ಆದರೆ ಈ ನೀರು ಒಂದು ಕಡೆ ಇಂಗಿಹೋಗುತ್ತಿತ್ತು. ಹ್ಯೂಮನಿಗೂ ಮುಂಚೆ, 1734ರಲ್ಲಿ, ಲಂಡನ್ನಿನ ಮರದ ವ್ಯಾಪಾರಿ ಜೇಕಬ್ ವ್ಯಾಂಡರ್‌ಲಿಂಟ್ ಈ ತೊಡಕನ್ನು ಎದುರಿಸಿದ್ದನು. ಅಮೆರಿಕದ ಗಣಿಗಳಿಂದ ಯುರೋಪಿಗೆ ಬಂದ ಬೆಳ್ಳಿಯ ದೊಡ್ಡ ಪಾಲು ಹಿಂದೂಸ್ಥಾನಕ್ಕೆ ಹೋಗುತ್ತಿದ್ದರೂ ಅಲ್ಲಿಯ ಸರಕುಗಳು ಅಗ್ಗವಾಗಿಯೇ ಉಳಿದಿರುವುದೇಕೆ? ಹಿಂದೂಗಳು ಹಣವನ್ನು ನೆಲದಲ್ಲಿ ಹೂಳುತ್ತಾರೆ ಎಂಬುದೇ ಅವನು ಕಂಡ ಕಾರಣ. 1602ರಿಂದ 1734ರವರೆಗೆ ಹೀಗೆ ಹೂಳಲ್ಪಟ್ಟ ಬೆಳ್ಳಿಯ ಬೆಲೆ 15 ಕೋಟಿ ಪೌಂಡುಗಳೆಂದು ಅವನು ಲೆಕ್ಕ ಹಾಕಿದನು. ಈ ಅಂಕಿಯನ್ನು ನಂಬಬೇಕಾಗಿಲ್ಲ. ಕಾರ್ಲ್ ಮಾರ್ಕ್ಸ್ 'ಬಂಡವಾಳ'ದ ಮೊದಲ ಸಂಪುಟದ ಅಡಿಟಿಪ್ಪಣಿಯೊಂದರಲ್ಲಿ ಇದನ್ನು ನೆನೆದಿರುವುದರಿಂದ ಅದು ಉಳಿದುಬಂದಿದೆ. ಗಮನಾರ್ಹವಾದುದೆಂದರೆ, ಸಿದ್ಧಾಂತ ರೂಪುಗೊಳ್ಳುತ್ತಿದ್ದ ಹೊತ್ತಿಗೇ ಅದರ ಅಪವಾದವಾಗಿ ನಮ್ಮ ಭಂಡಾರಗಳು ದಾಖಲಾಗಿದ್ದವು.

ಹ್ಯೂಮನ ವಾದವನ್ನು ಒಪ್ಪದಿದ್ದ ಸರ್ ಜೇಮ್ಸ್ ಸ್ಟೂವರ್ಟ್ ಹೆಚ್ಚಿದ ಹಣವೆಲ್ಲ ಪೇಟೆಗೆ ಬರಬೇಕೆಂದೇನೂ ಇಲ್ಲ, ಪೆಟ್ಟಿಗೆಗೂ ಸೇರಬಹುದು ಎಂದು 1767ರಲ್ಲಿ ವಾದಿಸಿದನು. ಐದು ವರ್ಷಗಳ ತರುವಾಯ ಈಸ್ಟ್ ಇಂಡಿಯಾ ಕಂಪನಿಗಾಗಿ ಬಂಗಾಳದ ನಾಣ್ಯವ್ಯವಸ್ಥೆಯನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ಬರೆದನು. 1765ರಲ್ಲಿ ದಿವಾನಿ ದೊರೆತ ಮೇಲೆ ಕಂಪನಿಯು ಇಂಗ್ಲೆಂಡಿನಿಂದ ಬೆಳ್ಳಿ ತರುವುದನ್ನು ಕಡಿಮೆ ಮಾಡಿ, ಬಂಗಾಳದ ಕಂದಾಯದ ಹಣದಿಂದಲೇ ಸರಕು ಕೊಳ್ಳತೊಡಗಿತ್ತು. ಇದರಿಂದ ನಾಣ್ಯದ ಅಭಾವ ತಲೆದೋರಿತ್ತು. ಜೊತೆಗೆ ಮುದ್ರಿತವಾಗಿ ವರ್ಷಗಳು ಕಳೆದಂತೆ ರೂಪಾಯಿಗೆ ವಟ್ಟ ಕಡಿಯುವ ಪದ್ಧತಿಯಿತ್ತು. ಒಂದೇ ತೂಕದ ಎರಡು ರೂಪಾಯಿಗಳಿಗೆ ಎರಡು ಬೆಲೆ. ನಡುವಿನ ಲಾಭ ಸರಾಫನದು. ಸ್ಟೂವರ್ಟನು ಇಲ್ಲಿ ಕಂಡದ್ದು ಹ್ಯೂಮನ ತಿಳಿನೀರನ್ನಲ್ಲ, ಕೆರೆ, ಕಟ್ಟೆ, ತೂಬುಗಳಿಂದ ತುಂಬಿದ ಒಂದು ನೆಲವನ್ನು.

ಆಡಮ್ ಸ್ಮಿತ್ 1776ರಲ್ಲಿ ಚಿಂತನೆಯನ್ನು ಬೇರೆ ದಾರಿಗೆ ತಿರುಗಿಸಿದನು. ಅವನ ದೃಷ್ಟಿಯಲ್ಲಿ ಹಣವು ಸಂಪತ್ತಲ್ಲ, ಸಂಪತ್ತನ್ನು ಸಾಗಿಸುವ ಹೆದ್ದಾರಿ. ಹೆದ್ದಾರಿಯ ಮೇಲೆ ಊರಿನ ಧಾನ್ಯವೆಲ್ಲ ಸಾಗುತ್ತದೆ, ಹೆದ್ದಾರಿಯಲ್ಲಿ ಒಂದು ಕಾಳೂ ಬೆಳೆಯುವುದಿಲ್ಲ. ಆದ್ದರಿಂದ ಚಿನ್ನ ಬೆಳ್ಳಿಗಳ ನಾಣ್ಯವನ್ನು ಅವನು ನಿರ್ಜೀವ ಬಂಡವಾಳವೆಂದು ಕರೆದನು. ಚಲಿಸುವ ನಾಣ್ಯವೇ ನಿರ್ಜೀವವಾದರೆ ಹೂತಿಟ್ಟ ನಾಣ್ಯದ ಮಾತೇನು? ವಿನಿಮಯಕ್ಕೆ ಬಳಕೆಯಾದ ವಸ್ತುಗಳನ್ನು ಹೇಳುವಾಗ ಇಂಡಿಯಾದ ಕೆಲವು ಕರಾವಳಿಗಳ ಚಿಪ್ಪುಗಳನ್ನೂ ಸ್ಮಿತ್ ಉದಾಹರಿಸಿದ್ದಾನೆ. ಅದು ನಮ್ಮ ಕವಡೆ. ಮಾಲ್ಡೀವ್ಸ್ ದ್ವೀಪಗಳಿಂದ ಬಂದು ಬಂಗಾಳದಲ್ಲಿ ಚಿಲ್ಲರೆ ಹಣವಾಗಿದ್ದ ಅದೇ ಕವಡೆ ಮೈಲಾರನ ಗೊರವರ ಕೊರಳಲ್ಲಿ ಸರವಾಗಿದೆ. ಚಲಾವಣೆ ನಿಂತ ಮೇಲೂ 'ಕವಡೆ ಕಾಸಿನ ಕಿಮ್ಮತ್ತು' ಎಂಬ ನುಡಿಗಟ್ಟಿನಲ್ಲಿ ಅದರ ನಾಣ್ಯತ್ವ ಉಳಿದಿದೆ, ತಿರಸ್ಕಾರದ ರೂಪದಲ್ಲಿ.

ಡೇವಿಡ್ ರಿಕಾರ್ಡೊ ಪರಿಮಾಣ ಸಿದ್ಧಾಂತವನ್ನು ಅದರ ಅತ್ಯಂತ ಕಠೋರ ರೂಪಕ್ಕೆ ತಂದವನು. 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ನೋಟುಗಳಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತು, 1821ರವರೆಗೆ ಪುನರಾರಂಭಿಸಲಿಲ್ಲ. ಈ ನಡುವೆ ಚಿನ್ನದ ಬೆಲೆ ಏರಿದುದಕ್ಕೆ ನೋಟುಗಳ ಅತಿಯಾದ ಬಿಡುಗಡೆಯೇ ಕಾರಣವೆಂದು ರಿಕಾರ್ಡೊ 1810ರಲ್ಲಿ ವಾದಿಸಿದನು. ಅವನ ವಾದದ ಮುಂದುವರಿಕೆಯಾದ ಕರೆನ್ಸಿ ಪಂಥದವರು ನೋಟಿನ ಮೊತ್ತವನ್ನು ಚಿನ್ನದ ಸಂಗ್ರಹಕ್ಕೆ ಬಿಗಿಯಬೇಕೆಂದು ಹಟ ಹಿಡಿದು 1844ರ ಬ್ಯಾಂಕ್ ಕಾಯಿದೆಯಲ್ಲಿ ಗೆದ್ದರು. ಇವರನ್ನು ಎದುರಿಸಿದ ಬ್ಯಾಂಕಿಂಗ್ ಪಂಥದಲ್ಲಿ ಥಾಮಸ್ ಟೂಕ್‌ನ ಜೊತೆ ನಿಂತವನು ಜಾನ್ ಫುಲ್ಲರ್ಟನ್. ಬಂಗಾಳದಲ್ಲಿ ವೈದ್ಯನಾಗಿದ್ದು, ಬಳಿಕ ಕಲ್ಕತ್ತೆಯ ಲೇವಾದೇವಿ ಸಂಸ್ಥೆಯೊಂದರಲ್ಲಿ ಪಾಲುದಾರನಾಗಿದ್ದ ಈತನ ವಾದದ ಕೇಂದ್ರವೇ ಕೂಡಿಟ್ಟ ಹಣ. ಹೊರನಾಡಿಗೆ ಚಿನ್ನ ಹೋಗುವುದೂ ಬರುವುದೂ ಬಹುಮಟ್ಟಿಗೆ ಕೂಡಿಟ್ಟ ಸಂಗ್ರಹಗಳಿಂದ. ಆದ್ದರಿಂದ ಅದು ಪೇಟೆಯ ಬೆಲೆಯನ್ನು ಮುಟ್ಟದಿರಬಹುದು ಎಂದು ಅವನು ಹೇಳಿದನು. ಲಂಡನ್ನಿನ ಷೇರುಪೇಟೆಯಲ್ಲಿ ಬೆಳೆದ ರಿಕಾರ್ಡೊಗೆ ಕಾಣದಿದ್ದುದು ಕಲ್ಕತ್ತೆಯಲ್ಲಿ ವ್ಯವಹರಿಸಿದವನಿಗೆ ಕಂಡುದು ಆಕಸ್ಮಿಕವಿರಲಾರದು. 1823ರಿಂದ 1858ರವರೆಗೆ ಕಂಪನಿಯ ಲಂಡನ್ ಕಚೇರಿಯಲ್ಲಿ ಕೆಲಸ ಮಾಡಿದ ಜಾನ್ ಸ್ಟೂವರ್ಟ್ ಮಿಲ್ ಕೂಡ ತನ್ನ 1848ರ ಗ್ರಂಥದಲ್ಲಿ, ಪೇಟೆಗೆ ಬಂದ ಹಣ ಮಾತ್ರವೇ ಬೆಲೆಯನ್ನು ನಿರ್ಧರಿಸುತ್ತದೆಂದು ಸಿದ್ಧಾಂತಕ್ಕೆ ಮಿತಿ ಹಾಕಿದನು.

ಇತ್ತ ಜೇಜುರಿಯ ಸುತ್ತಲಿನ ನಾಡಿನಲ್ಲಿ ಹಣದ ಸ್ಥಿತಿ ಹೇಗಿತ್ತು? ಶಿವಾಜಿ 1674ರ ಪಟ್ಟಾಭಿಷೇಕದ ಕಾಲಕ್ಕೆ ಹೊರಡಿಸಿದ ಚಿನ್ನದ ನಾಣ್ಯಕ್ಕೆ 'ಹೋನ್' ಎಂದು ಹೆಸರು. ಹಳಗನ್ನಡದ 'ಪೊನ್' ಹೊಸಗನ್ನಡದಲ್ಲಿ 'ಹೊನ್ನು' ಆಗಿ ಮರಾಠಿಗೆ ಹೋನ್ ಆಗಿ ಹೋಯಿತು. 'ಪಣ'ವು 'ಹಣ'ವಾದುದೂ ಇದೇ ಪಕಾರ-ಹಕಾರ ವ್ಯತ್ಯಾಸದಿಂದ. ಪೇಶ್ವೆಯರ ಕಾಲದಲ್ಲಿ ಟಂಕಸಾಲೆಗಳನ್ನು ಪರವಾನಗಿ ಪಡೆದ ಅಕ್ಕಸಾಲಿಗರು ನಡೆಸುತ್ತಿದ್ದರು. ಲೋಹ ತಂದವರು ಶುಲ್ಕ ತೆತ್ತು ನಾಣ್ಯ ಪಡೆಯಬಹುದಿತ್ತು. ಖಂಡೋಬನನ್ನು ಕುಲದೈವವಾಗಿ ಉಳ್ಳ ಹೋಳ್ಕರರಿಗೆ ತಮ್ಮವೇ ಟಂಕಸಾಲೆಗಳಿದ್ದವು. ಕೃಷ್ಣೆಯ ದಕ್ಷಿಣಕ್ಕೆ ಖಾಸಗಿ ಟಂಕಸಾಲೆಗಳು ಕೀಳು ನಾಣ್ಯ ಹೊರಡಿಸತೊಡಗಿದಾಗ ಹದಿನೆಂಟನೆಯ ಶತಮಾನದ ನಡುವಿನಲ್ಲಿ ಅವನ್ನು ಮುಚ್ಚಿಸಿ ಧಾರವಾಡದಲ್ಲಿ ಕೇಂದ್ರ ಟಂಕಸಾಲೆ ತೆರೆಯಲಾಯಿತು. ಹಲವು ಸಂಸ್ಥಾನಗಳಿಂದ ಬರುತ್ತಿದ್ದ ಯಾತ್ರಿಕರ ಕೈಯಲ್ಲಿ ಒಂದೇ ಬಗೆಯ ನಾಣ್ಯವಿರುವುದು ಸಾಧ್ಯವಿರಲಿಲ್ಲ. 1835ರ ಕಾಯಿದೆಯು 180 ಗ್ರೇನ್ ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿಯ ಏಕರೂಪದ ರೂಪಾಯಿಯನ್ನು ತಂದಿತು. ವಟ್ಟದ ತೊಡಕು ಕ್ರಮೇಣ ಕಳೆಯಿತು.

ಈ ರೂಪಾಯಿಗೆ ಒಂದು ವಿಶೇಷ ಗುಣವಿತ್ತು. ಸರಕಾರದ ಟಂಕಸಾಲೆಗೆ ಬೆಳ್ಳಿಯನ್ನು ಯಾರು ಒಯ್ದರೂ ಶುಲ್ಕ ಕಳೆದು ರೂಪಾಯಿ ದೊರೆಯುತ್ತಿತ್ತು. ಹೀಗಾಗಿ ರೈತನ ಹೆಂಡತಿಯ ಕಡಗ, ಕಾಲ್ಗಡಗ, ಡಾಬುಗಳು ಆಭರಣಗಳಾಗಿರುವಾಗಲೇ ಹಣವೂ ಆಗಿದ್ದವು. ಸುಗ್ಗಿಯಲ್ಲಿ ರೂಪಾಯಿ ಕರಗಿ ಬಳೆಯಾಗುವುದು, ಬರದಲ್ಲಿ ಬಳೆ ಕರಗಿ ರೂಪಾಯಿಯಾಗುವುದು. 1876-78ರ ಮಹಾಕ್ಷಾಮದಲ್ಲಿ ದಖ್ಖಣದ ಹಳ್ಳಿಗಳ ಬೆಳ್ಳಿಯ ಒಡವೆಗಳು ಮುಂಬಯಿ ಟಂಕಸಾಲೆಗೆ ರಾಶಿರಾಶಿಯಾಗಿ ಬಂದವು. ಸ್ಮಿತ್ ನಿರ್ಜೀವವೆಂದ, ವ್ಯಾಂಡರ್‌ಲಿಂಟ್ ಹೂತಿಟ್ಟುದೆಂದ ಬೆಳ್ಳಿ ಆ ಎರಡು ವರ್ಷ ಜೋಳವಾಗಿ ಜನರ ಹೊಟ್ಟೆ ಸೇರಿತು. ಹಿಂದೂಸ್ಥಾನದ ರೈತನ ಶೇಖರಣೆಯನ್ನು ಮೌಢ್ಯವೆಂದು ಬಗೆದ ಲೇಖಕರು ಈ ಪಾತ್ರವನ್ನು ಗಣಿಸಲಿಲ್ಲ. ಅದು ಅವರ ದೊಡ್ಡ ಕೊರತೆ.

1870ರ ದಶಕದಿಂದ ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಇಳಿಯತೊಡಗಿತು. ಲಂಡನ್ನಿಗೆ ಪೌಂಡುಗಳಲ್ಲಿ ಹಣ ಕಳುಹಿಸಬೇಕಾಗಿದ್ದ ಸರಕಾರಕ್ಕೆ ನಷ್ಟವಾಯಿತು. ಹರ್ಷೆಲ್ ಸಮಿತಿಯ ಶಿಫಾರಸಿನಂತೆ 1893ರ ಜೂನ್ 26ರಂದು ಟಂಕಸಾಲೆಗಳನ್ನು ಜನರ ಬೆಳ್ಳಿಗೆ ಮುಚ್ಚಲಾಯಿತು. ರೂಪಾಯಿಯ ಮೊತ್ತವನ್ನು ತಡೆದರೆ ಅದರ ಬೆಲೆ ಏರುತ್ತದೆ ಎಂಬುದು ಶುದ್ಧ ರಿಕಾರ್ಡೊ ವಾದ. ಅದು ಫಲಿಸಿತು ಕೂಡ. ಹದಿನಾರು ಪೆನ್ಸಿಗೆ ಒಂದು ರೂಪಾಯಿಯ ದರ ನೆಲೆಗೊಂಡಿತು. ಆದರೆ ಬೆಳ್ಳಿಗೂ ರೂಪಾಯಿಗೂ ಇದ್ದ ನಂಟು ಕಡಿದುಹೋಯಿತು. ಒಡವೆಯಾಗಿದ್ದ ಬೆಳ್ಳಿ ಬರಿಯ ಲೋಹವಾಯಿತು. ಮೂವತ್ತು ವರ್ಷಗಳ ತರುವಾಯ ಬಿ. ಆರ್. ಅಂಬೇಡ್ಕರ್ 'ರೂಪಾಯಿಯ ಸಮಸ್ಯೆ'ಯನ್ನು ಕುರಿತ 1923ರ ಗ್ರಂಥದಲ್ಲಿ ಈ ವ್ಯವಸ್ಥೆಯ ಇನ್ನೊಂದು ಮುಖವನ್ನು ಪರೀಕ್ಷಿಸಿದರು. ಸರಕಾರದ ವಿವೇಚನೆಗೆ ಬಿಟ್ಟ ರೂಪಾಯಿಯ ಬಿಡುಗಡೆಗೆ ಕಟ್ಟುನಿಟ್ಟಿನ ಮಿತಿ ಬೇಕೆಂಬುದು ಅವರ ವಾದ.

ಸಂಪ್ರದಾಯ ಪಂಥದ ಸೂತ್ರಗಳು ಎಲ್ಲ ಕಾಲ, ಎಲ್ಲ ದೇಶಗಳಿಗೂ ಸಲ್ಲುವುದಿಲ್ಲವೆಂದು ಮಹಾದೇವ ಗೋವಿಂದ ರಾನಡೆ 1892ರಲ್ಲಿಯೇ ಪುಣೆಯ ಡೆಕ್ಕನ್ ಕಾಲೇಜಿನ ಉಪನ್ಯಾಸದಲ್ಲಿ ಹೇಳಿದ್ದರು. ಅವರು ಮರಾಠರ ಆಳ್ವಿಕೆಯ ನಾಣ್ಯಗಳನ್ನೂ ಟಂಕಸಾಲೆಗಳನ್ನೂ ಕುರಿತ ಪ್ರಬಂಧವನ್ನು ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿಯ ಶಾಖೆಯಲ್ಲಿ ಓದಿದುದು 1899ರಲ್ಲಿ. ಅದು ಪುರಾತನ ವಸ್ತುಗಳ ಪಟ್ಟಿಯಂತೆ ಕಾಣಬಹುದು. ಜನರು ತಂದ ಲೋಹಕ್ಕೆ ಟಂಕಸಾಲೆಯ ಬಾಗಿಲು ತೆರೆದಿದ್ದ ಕಾಲವನ್ನು, ಆ ಬಾಗಿಲು ಮುಚ್ಚಿ ಆರು ವರ್ಷಗಳಾದ ಮೇಲೆ ಅವರು ವಿವರಿಸುತ್ತಿದ್ದರು ಎಂಬುದನ್ನು ನೆನಪಿನಲ್ಲಿಟ್ಟರೆ ಅದರ ಓದು ಬದಲಾಗುತ್ತದೆ. ಆ ವರ್ಷವೇ ದಖ್ಖಣದಲ್ಲಿ ಮಳೆ ಕೈಕೊಟ್ಟಿತು. ಹಳ್ಳಿಯ ಹೆಂಗಸರು ಮತ್ತೆ ಒಡವೆ ಬಿಚ್ಚಿಕೊಟ್ಟರು. ಈ ಸಲ ಸರಾಫನು ಅವನ್ನು ತಕ್ಕಡಿಗೆ ಹಾಕಿ ಬೆಳ್ಳಿಯ ಬೆಲೆ ಕೊಟ್ಟನು, ರೂಪಾಯಿಯ ಬೆಲೆಯನ್ನಲ್ಲ.